ಪದಚರ್ಚೆ: ವೃತ್ತಿ ಶಿಕ್ಷಣವೋ, ವೃತ್ತಿಪರ ಶಿಕ್ಷಣವೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರ 16ನೇ ಅಧ್ಯಾಯ ಫಿಟ್ಟರ್, ವೆಲ್ಡರ್‌ನಂಥ ಕೆಲಸ ಕಲಿಸುವ ವೊಕೇಷನಲ್ ಶಿಕ್ಷಣದ್ದು. 20ನೆಯದು ವೈದ್ಯಕೀಯ, ಕಾನೂನಿನಂಥ ಪ್ರೊಫೆಷನಲ್ ಶಿಕ್ಷಣದ್ದು. ಕನ್ನಡದಲ್ಲಿ ಎರಡಕ್ಕೂ ‘ವೃತ್ತಿಪರ ಶಿಕ್ಷಣ’ ಎಂದು ಬರೆಯುವುದುಂಟು. ಬೇರ್ಪಡಿಸುವುದು ಹೇಗೆ? ಮೊದಲನೆಯದಕ್ಕೆ ‘ಕಸುಬು ಶಿಕ್ಷಣ’ ಎನ್ನಬಹುದೇ?

ಉತ್ತರ:

ಬೇರ್ಪಡಿಸಲೇಬೇಕು. ನಮ್ಮಲ್ಲಿ ‘ವೃತ್ತಿಪರ ಕೋರ್ಸ್’ ಅಂದಕೂಡಲೇ ನೆನಪಾಗುವುದು ಸಿಇಟಿ, ರ್‍ಯಾಂಕ್, ಸೀಟು ಹಂಚಿಕೆ. ಐಟಿಐನಲ್ಲಿ ಫಿಟ್ಟರ್, ವೆಲ್ಡರ್ ಕಲಿಯುವವರು ಆ ಪದದೊಳಗೆ ಬರುವುದೇ ಇಲ್ಲ. 2025ರೊಳಗೆ ಕನಿಷ್ಠ ಶೇ 50ರಷ್ಟು ವಿದ್ಯಾರ್ಥಿಗಳಿಗೆ ವೊಕೇಷನಲ್ ಶಿಕ್ಷಣದ ಪರಿಚಯ ಎಂಬುದು 16ನೇ ಅಧ್ಯಾಯದ ಗುರಿಯಾಗಿತ್ತು. ಅಲ್ಲಿ ‘ವೃತ್ತಿಪರ’ ಎಂದು ಹಾಕಿ ನೋಡಿ: ಅರ್ಧದಷ್ಟು ಮಕ್ಕಳಿಗೆ ಡಾಕ್ಟರಿಕೆಯ ಪಾಠ!

ವೊಕೇಷನಲ್‌ಗೆ ನನ್ನ ಮತ ‘ವೃತ್ತಿ ಶಿಕ್ಷಣ’ಕ್ಕೆ. ‘ವೃತ್ತಿ’ ಕೀಳು ಪದವೇನಲ್ಲ. ವೈದ್ಯರು ಕಟ್ಟುವುದೂ ವೃತ್ತಿ ತೆರಿಗೆಯನ್ನೇ, ಗುಬ್ಬಿ ಕಂಪನಿಯದೂ ವೃತ್ತಿ ರಂಗಭೂಮಿಯೇ. ಅಂತಸ್ತು ಅಂಟಿಕೊಂಡಿರುವುದು ‘ಪರ’ ಎಂಬ ಬಾಲಕ್ಕೆ.

‘ಕಸುಬು’ ಸೊಗಸಾದ ಮಾತು, ಆದರೆ ನೀತಿಯ ಬರಹಕ್ಕೆ ಬೇಡ. ಅದರ ಬೆನ್ನಿಗೇ ‘ಕುಲಕಸುಬು’ ಬರುತ್ತದೆ. 1953ರಲ್ಲಿ ಮದರಾಸು ರಾಜ್ಯದಲ್ಲಿ ಮುಖ್ಯಮಂತ್ರಿ ರಾಜಾಜಿ ತಂದ ಯೋಜನೆಯಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನಕ್ಕೆ 3 ಗಂಟೆ ಪಾಠ, ಉಳಿದ ಹೊತ್ತು ಮನೆತನದ ಕೆಲಸ. ವಿರೋಧಿಗಳು ಅದನ್ನು ತಮಿಳಿನಲ್ಲಿ ‘ಕುಲ ಕಲ್ವಿ’, ಅಂದರೆ ಕುಲದ ಶಿಕ್ಷಣ, ಎಂದೇ ಕರೆದರು. 1954ರಲ್ಲಿ ಕಾಮರಾಜರ ಸರ್ಕಾರ ಕೈಬಿಟ್ಟಿತು. ಅಪ್ಪನ ಕೆಲಸವೇ ಮಗನಿಗೂ ಗತಿಯೆಂಬ ಆ ಗುಮಾನಿ ಸುಳ್ಳೆನ್ನಲು ಇಂದಿಗೂ ಧೈರ್ಯ ಬೇಕು.

‘ಕೌಶಲ’ ಕೆಲವು ವಾರಗಳ ತರಬೇತಿಗೆ ಸಾಕು, ಎರಡು ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್‌ಗೆ, ಅಂದರೆ ಐಟಿಐ ಕೋರ್ಸಿಗೆ, ಸಾಲದು. ಅಂದಹಾಗೆ ‘ಟ್ರೇಡ್’ ಹಾಗೆಯೇ ಇರಲಿ. ಯಂತ್ರಾನುವಾದಕ್ಕೆ ಬಿಟ್ಟರೆ ಟ್ರೇಡ್ ಸರ್ಟಿಫಿಕೇಟ್ ‘ವ್ಯಾಪಾರ ಪ್ರಮಾಣಪತ್ರ’ವಾಗಿ, ಫಿಟ್ಟರ್ ಅಂಗಡಿ ಇಡಬೇಕಾದೀತು.

ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ ‘ತಾಂತ್ರಿಕ ಶಿಕ್ಷಣ’ ರೂಢಿಯಲ್ಲಿದೆ, ಅದನ್ನು ಮುಟ್ಟಬೇಡಿ. ಎಚ್ಚರ ಬೇಕಾದದ್ದು ‘ಲ್ಯಾಟರಲ್ ಎಂಟ್ರಿ’ಗೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೂ, ಡಿಪ್ಲೊಮಾ ಆದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿಇಯ ಎರಡನೇ ವರ್ಷಕ್ಕೂ ಸೇರಬಹುದು. ಐಟಿಐಗೆ ಹೋದರೆ ಓದು ಅಲ್ಲಿಗೇ ಮುಗಿಯಿತು ಎಂದುಕೊಂಡ ಮನೆಗಳಿಗೆ ತಲುಪಬೇಕಾದ ಸಂಗತಿಯಿದು. ಇದನ್ನು ‘ಪಾರ್ಶ್ವ ಪ್ರವೇಶ’ ಎಂದರೆ ಎಸ್ಸೆಸ್ಸೆಲ್ಸಿ ಹುಡುಗಿಗೂ ತಿಳಿಯದು, ಅವಳ ತಾಯಿಗೂ ತಿಳಿಯದು. ‘ನೇರ ಎರಡನೇ ವರ್ಷಕ್ಕೆ ಪ್ರವೇಶ’ ಎಂದು ಬರೆಯಿರಿ.