ಸಹಾಯ ಬೇಕು: ಸಾವು-ನೋವು ದಾಟಿ ಮತ್ತೆ ಬದುಕು ಕಟ್ಟಿಕೊಂಡವರ ಕಥೆಗಳು

ತುಮಕೂರಿನಲ್ಲಿ ಮನೆಯವರನ್ನು ಕಳೆದುಕೊಂಡ ಹತ್ತು-ಹನ್ನೆರಡು ಜನ ಕೂತು ಓದೋದಕ್ಕೆ ಕನ್ನಡ ಪುಸ್ತಕ ಹುಡುಕ್ತಿದ್ದೀವಿ. ವಾರಕ್ಕೆ ಒಂದು ಗಂಟೆ. ಜೋರಾಗಿ ಓದಿದ್ರೆ 20-25 ಪುಟವಷ್ಟೇ ಸಾಗೋದು, ಆರು ವಾರಕ್ಕೆ ಮುಗೀಬೇಕು. ಹಾಗಾಗಿ 150 ಪುಟ ಮೀರಬಾರದು.

ತೊಡಕು ಏನಂದ್ರೆ, ನಮ್ಮ ಹೆಸರಾಂತ ಕಾದಂಬರಿಗಳು ಎರಡನೇ ಅವಕಾಶ ಕೊಟ್ಟ ಹಾಗೆ ಮಾಡಿ ಕಿತ್ಕೊಳ್ತವೆ. ‘ವಂಶವೃಕ್ಷ’ದ ಕಾತ್ಯಾಯಿನಿ ಮರುಮದುವೆಯಾದ್ರೂ ಗರ್ಭ ನಿಲ್ಲದೆ ಕೊರಗಿ ಸಾಯ್ತಾಳೆ. ‘ಶರಪಂಜರ’ದ ಕಾವೇರಿ ಮಾನಸಿಕ ಕಾಯಿಲೆ ಗುಣವಾಗಿ ಬಂದ್ರೂ ಮನೆಯವರು ನಂಬಲ್ಲ, ಮತ್ತೆ ಆಸ್ಪತ್ರೆಗೇ. ದೊಡ್ಡ ಕೃತಿಗಳೇ, ಆದ್ರೆ ಹಸಿ ಗಾಯದ ಮೇಲೆ ಬೇಡ. ಉಪದೇಶದ ಪುಸ್ತಕವೂ ಬೇಡ. ಎರಡನೇ ಪುಟದಲ್ಲೇ ‘ಧೈರ್ಯ ತಂದ್ಕೊಳ್ಳಿ’ ಅಂದ್ರೆ ಮಾತಾಡೋರೂ ಬಾಯಿ ಮುಚ್ಕೋತಾರೆ.

ಆತ್ಮಕಥೆ, ಸಣ್ಣಕಥೆ ಆದೀತು. ಹೆಸರಿನ ಜೊತೆ ಪುಟಸಂಖ್ಯೆ ಬರೀರಿ, ಕೊನೆಗೆ ಯಾರಾದ್ರೂ ಸಾಯ್ತಾರಾ ಅನ್ನೋದನ್ನೂ. ಅಕ್ಷರ ದಪ್ಪ ಇರಲಿ, ಅರ್ಧಕ್ಕರ್ಧ ಜನ 60 ದಾಟಿದೋರು.