ಚೌತಿಯ ಪ್ರಸಾದ: ಮನಸ್ಸಿಗೆ ಚುಚ್ಚದಿದ್ದರೆ ಸರಿ ಅಂತಲೇ ಅರ್ಥವಾ?

ಪ್ರಶ್ನೆ:
ನಾವು ಉಡುಪಿ ಕಡೆಯ ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಚರ್ಚ್) ಸಭೆಯವರು. ಪ್ರತಿ ಚೌತಿಗೆ ಪಕ್ಕದ ಮನೆಯ ಅಕ್ಕ ಸ್ಟೀಲ್ ಡಬ್ಬಿ ತುಂಬ ಪಂಚಕಜ್ಜಾಯ ಕೊಡುತ್ತಾರೆ. ಕಡಲೆಬೇಳೆ, ಬೆಲ್ಲ, ಕೊಬ್ಬರಿ, ಎಳ್ಳು, ಘಮ್ಮನೆ ತುಪ್ಪ. ಕ್ರಿಸ್‌ಮಸ್‌ಗೆ ನಾವು ಕುಸ್ವಾರ್ (ಹಬ್ಬದ ತಿಂಡಿಗಳು) ಕೊಡುತ್ತೇವೆ. ನಾನು ಖುಷಿಯಾಗಿ ತಿನ್ನುತ್ತೇನೆ. ಅತ್ತೆ ಮುಟ್ಟುವುದಿಲ್ಲ. ಈ ಸಲ "ನಿನ್ನ ಮನಸ್ಸಾಕ್ಷಿ ಮರಗಟ್ಟಿದೆ" ಅಂದುಬಿಟ್ಟರು. ಗಂಡ ಯಾರ ಕಡೆಯೂ ಇಲ್ಲ, ಸುಮ್ನೆ ತಿಂದು ಮುಗಿಸುತ್ತಾರೆ. ನನಗೆ ನಿಜವಾಗಿಯೂ ಏನೂ ಚುಚ್ಚುವುದಿಲ್ಲ. ಅಷ್ಟು ಸಾಕಾ?

ಉತ್ತರ 1:
ಬೈಬಲ್‌ನಲ್ಲಿ 1 ಕೊರಿಂಥ 8ನೇ ಅಧ್ಯಾಯ ಓದಿ, ನಿಮ್ಮ ಮನೆಯದೇ ಜಗಳ! ಅಲ್ಲಿ ಅನ್ಯದೇವರಿಗೆ ಅರ್ಪಿಸಿದ ಮಾಂಸದ ಮಾತು. ಕೆಲವರು ಆರಾಮಾಗಿ ತಿನ್ನುತ್ತಿದ್ದರು, ಕೆಲವರಿಗೆ ಆಗುತ್ತಿರಲಿಲ್ಲ. ದೇವರು ಒಬ್ಬನೇ ಎಂಬ ತಿಳಿವಳಿಕೆ ಸರಿ ಅಂತ ಆ ಪತ್ರ ಬರೆದ ಪೌಲ ಒಪ್ಪುತ್ತಾನೆ. ಆದರೂ ನನ್ನ ಊಟದಿಂದ ಸಹೋದರ ಎಡವುವುದಾದರೆ ಮಾಂಸವೇ ಬೇಡ ಅನ್ನುತ್ತಾನೆ. ಅತ್ತೆಯ ಎದುರು ತಿನ್ನಬೇಡಿ, ಅಷ್ಟೇ.

ಉತ್ತರ 2:
ಅಷ್ಟೇ ಅಲ್ಲ. 10ನೇ ಅಧ್ಯಾಯವನ್ನೂ ನೋಡಿ. ಅಂಗಡಿಯ ಮಾಂಸವನ್ನು ಕೇಳದೆ ತಿನ್ನಿ, ಆದರೆ "ಇದು ಅರ್ಪಿಸಿದ್ದು" ಅಂತ ಯಾರಾದರೂ ಹೇಳಿದರೆ ಬಿಡಿ ಅಂತಿದೆ. ಪಕ್ಕದ ಮನೆಯವರು ಪ್ರಸಾದ ಅಂತ ಹೇಳಿಯೇ ಕೊಡುತ್ತಾರಲ್ವಾ? ನಾನಾದರೆ ತಿನ್ನುವುದಿಲ್ಲ.

ಉತ್ತರ 3:
ನಾನು ಕಥೋಲಿಕ, ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಚುಚ್ಚುವುದನ್ನೇ ಅಳತೆಗೋಲು ಮಾಡಬೇಡಿ. ಲಂಚ ತಿಂದು ರೂಢಿಯಾದವನಿಗೂ ಚುಚ್ಚುವುದಿಲ್ಲ. ಮನಸ್ಸಾಕ್ಷಿ ಅಂದರೆ ಬುದ್ಧಿ ಕೊಡುವ ತೀರ್ಪು, ಅದನ್ನು ಕಲಿಸಿ ಬೆಳೆಸಬೇಕು. 1992ರ ನಮ್ಮ ಧರ್ಮೋಪದೇಶ ಗ್ರಂಥದ 1790ನೇ ಪರಿಚ್ಛೇದ ನೋಡಿ: ಖಚಿತವಾದ ತೀರ್ಪನ್ನು ಪಾಲಿಸಲೇಬೇಕು. ಮುಂದಿನದರಲ್ಲಿ ಪೆಟ್ಟು ಇದೆ: ಸತ್ಯ ತಿಳಿಯುವ ಗೋಜಿಗೇ ಹೋಗದೆ ತಪ್ಪಿದರೆ ಹೊಣೆ ನಿಮ್ಮದೇ. ನೀವು ಕೇಳುತ್ತಿದ್ದೀರಿ, ಓದುತ್ತಿದ್ದೀರಿ. ಮರಗಟ್ಟಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಇನ್ನೊಂದು, ಅತ್ತೆಗೆ "ಒಂದು ಚೂರು ತಿನ್ನಿ" ಅಂತ ಮಾತ್ರ ಒತ್ತಾಯ ಮಾಡಬೇಡಿ. ಸಂಶಯಪಡುತ್ತಾ ತಿನ್ನುವವನು ತಪ್ಪಿತಸ್ಥ ಅಂತ ರೋಮಾ 14:23 ಹೇಳುತ್ತದೆ.

ಪ್ರಶ್ನೆ ಕೇಳಿದವರು:
ಒತ್ತಾಯ ಮಾಡಿಲ್ಲ, ತಮಾಷೆ ಮಾಡಿದ್ದೆ. ಅದೂ ಜಾಸ್ತಿಯೇ ಆಯ್ತೇನೋ. ಉತ್ತರ 2ರವರೇ, 10:27ರಲ್ಲಿ ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ ಅಂತಲೂ ಇದೆಯಲ್ಲ? ಪಕ್ಕದ ಮನೆಯ ಅಕ್ಕನ ಮಗಳ ಮದುವೆ ಮುಂದಿನ ತಿಂಗಳು. ಅಲ್ಲಿಗೆ ಅತ್ತೆಯೂ ಬರುತ್ತಾರಂತೆ.