ಗೆದ್ದರೆ ನೂರು ರೂಪಾಯಿ: ನಾನೇ ಹಾಕಿಕೊಟ್ಟ ರೂಢಿಯನ್ನು ಬಿಡಿಸುವುದು ಹೇಗೆ?

ಶಿವಮೊಗ್ಗದ ತಂದೆ:

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದ ನನ್ನ ಮಗ ಎರಡು ವರ್ಷಗಳಿಂದ ಬ್ಯಾಡ್ಮಿಂಟನ್ ಕಲಿಯುತ್ತಿದ್ದಾನೆ. ಮೊದಲ ಪಂದ್ಯಾವಳಿಯ ಹಿಂದಿನ ರಾತ್ರಿ ಹೆದರಿ ಊಟವನ್ನೂ ಬಿಟ್ಟು ಕುಳಿತಿದ್ದವನಿಗೆ ಧೈರ್ಯ ತುಂಬಲೆಂದು, ಗೆದ್ದ ಪಂದ್ಯವೊಂದಕ್ಕೆ ನೂರು ರೂಪಾಯಿ ಕೊಡುವುದಾಗಿ ನಾನೇ ಮಾತು ಕೊಟ್ಟೆ. ಆಗ ಅದು ಫಲ ನೀಡಿದ್ದರಿಂದ ಅಭ್ಯಾಸದ ಆಟಕ್ಕೂ ಇಪ್ಪತ್ತು ರೂಪಾಯಿ ಎಂದಾಯಿತು. ಆಮೇಲೆ ಅದೇ ಉಪಾಯ ಮನೆಯೊಳಗೂ ಬಂದಿತು. ಹಾಸಿಗೆ ಮಡಚಿದರೆ ಐದು, ತಟ್ಟೆ ತೊಳೆದಿಟ್ಟರೆ ಐದು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಲೆಕ್ಕ, ಭಾನುವಾರ ಬಟವಾಡೆ.

ಕಳೆದ ವಾರ ನನ್ನ ತಾಯಿ ಮಾತ್ರೆ ನುಂಗಲು ಒಂದು ಲೋಟ ಬಿಸಿನೀರು ಕೇಳಿದಾಗ ಅವನು, ತುಂಟತನದಿಂದಲ್ಲ, ತೀರ ಸಹಜವಾಗಿ, "ಅಜ್ಜಿ, ಇದಕ್ಕೆ ಎಷ್ಟು?" ಎಂದು ಕೇಳಿದ. ಅಮ್ಮ ನಕ್ಕುಬಿಟ್ಟರು, ನನಗೆ ನಗು ಬರಲಿಲ್ಲ. ಅದೇ ವಾರ ಅವನ ತರಬೇತುದಾರರು, ತನಗಿಂತ ಚೆನ್ನಾಗಿ ಆಡುವವರ ಜೊತೆ ಅಂಕಣಕ್ಕಿಳಿಯಲು ಇವನು ನೆಪ ಹೇಳುತ್ತಾನೆ, ಚಿಕ್ಕವರನ್ನೇ ಹುಡುಕಿ ಆಡುತ್ತಾನೆ ಎಂದು ತಿಳಿಸಿದರು. ಹಣವನ್ನು ಒಮ್ಮೆಲೇ ನಿಲ್ಲಿಸಿದರೆ ಆಟವನ್ನೇ ಬಿಟ್ಟಾನು ಎಂಬ ಭಯವಿದೆ. ಅನುಭವವಿರುವವರು ದಯವಿಟ್ಟು ಸಲಹೆ ನೀಡಬೇಕು.

ಮನಶ್ಶಾಸ್ತ್ರದ ಉಪನ್ಯಾಸಕಿ, ಮೈಸೂರು:

ನಿಮ್ಮ ಮಗನ ಲೆಕ್ಕಾಚಾರದಲ್ಲಿ ತಪ್ಪೇನೂ ಇಲ್ಲ. ಗೆಲುವಿಗೆ ಹಣವೆಂದ ಮೇಲೆ, ಸುಲಭವಾಗಿ ಗೆಲ್ಲಬಹುದಾದ ಕಡೆ ಆಡುವುದೇ ಜಾಣತನ.

ಈ ವಿಷಯದಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ನಕ್ಷತ್ರವೂ ಕೆಂಪು ರಿಬ್ಬನ್ನೂ ಇರುವ ಪ್ರಶಸ್ತಿ ಪತ್ರ ಸಿಗುತ್ತದೆಂದು ಒಂದು ಗುಂಪಿಗೆ ಮೊದಲೇ ಹೇಳಿದರು, ಇನ್ನೊಂದು ಗುಂಪಿಗೆ ಏನೂ ಹೇಳದೆ ಕೊನೆಯಲ್ಲಿ ಅದೇ ಪತ್ರ ಕೊಟ್ಟರು, ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಕೆಲವು ದಿನಗಳ ನಂತರ ಪೆನ್ನುಗಳನ್ನು ಮತ್ತೆ ಮೇಜಿನ ಮೇಲಿಟ್ಟು ದೂರದಿಂದ ಗಮನಿಸಿದಾಗ, ಮೊದಲೇ ಬಹುಮಾನದ ಆಸೆ ಹುಟ್ಟಿಸಿಕೊಂಡಿದ್ದ ಮಕ್ಕಳು ಉಳಿದವರು ಕಳೆದ ಸಮಯದ ಅರ್ಧದಷ್ಟನ್ನು ಮಾತ್ರ ಚಿತ್ರಕ್ಕೆ ಕೊಟ್ಟಿದ್ದರು. ಅನಿರೀಕ್ಷಿತವಾಗಿ ಪತ್ರ ಪಡೆದವರ ಆಸಕ್ತಿ ಮಾತ್ರ ಕುಗ್ಗಿರಲಿಲ್ಲ. ಅಂದರೆ ಕೆಡಿಸಿದ್ದು ಪತ್ರವಲ್ಲ, ಮುಂಚಿನ ಕರಾರು.

ಹೊಗಳಿಕೆಯನ್ನೂ ಸ್ವಲ್ಪ ಎಚ್ಚರದಿಂದ ಬಳಸಿ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಸುಲಭದ ಪ್ರಶ್ನೆಗಳನ್ನೇ ಆರಿಸಿಕೊಂಡರು. ಶ್ರಮಕ್ಕಾಗಿ ಹೊಗಳಿಸಿಕೊಂಡವರು ಹೊಸದನ್ನು ಕಲಿಸುವ ಪ್ರಶ್ನೆಗಳತ್ತ ಹೋದರು. ಆದ್ದರಿಂದ "ನೀನು ಹುಟ್ಟಾ ಆಟಗಾರ" ಎನ್ನುವ ಬದಲು, ಅವನು ಮಾಡಿದ್ದನ್ನು ಕಂಡು ಹೇಳಿ.

ನಿವೃತ್ತ ದೈಹಿಕ ಶಿಕ್ಷಕ, ತುಮಕೂರು:

ಮೇಡಂ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಬಹುಮಾನಗಳೆಲ್ಲವೂ ಕೆಟ್ಟವೆಂಬ ಅರ್ಥ ಬಾರದಿರಲಿ. ನಮ್ಮೂರಿನ ಗಣಪತಿ ಹಬ್ಬದ ಓಟದಲ್ಲಿ ನಾನು ಎರಡನೆಯವನಾಗಿ ಗೆದ್ದ ಸ್ಟೀಲ್ ಲೋಟದ ಬುಡದಲ್ಲಿ ಯುವಕ ಸಂಘದ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ, ಅಂಚು ಒಂದು ಕಡೆ ನೆಗ್ಗಿದೆ. ಇಂದಿಗೂ ನನ್ನ ಕಾಫಿ ಅದರಲ್ಲೇ. ಲೋಟಕ್ಕಾಗಿ ಯಾರೂ ಓಡುತ್ತಿರಲಿಲ್ಲ. ಓಡಿದ್ದನ್ನು ಊರು ನೋಡಿತು ಎಂಬುದಕ್ಕೆ ಅದೊಂದು ಸಾಕ್ಷಿ, ಅಷ್ಟೆ.

ನಾನು ಮೂವತ್ತು ವರ್ಷ ಕಲಿಸಿದ್ದು ಖೋ ಖೋ. ಅದರಲ್ಲಿ ಎದುರಾಳಿಯನ್ನು ಮುಟ್ಟಿ ಔಟ್ ಮಾಡಿದವನು ಎಲ್ಲರ ಕಣ್ಣಿಗೆ ಬೀಳುತ್ತಾನೆ. ಸರಿಯಾದ ಗಳಿಗೆಯಲ್ಲಿ ಖೋ ಕೊಟ್ಟು ತಾನು ಕುಳಿತುಕೊಂಡವನು ಯಾರಿಗೂ ಕಾಣುವುದಿಲ್ಲ. ಒಮ್ಮೆ ತಾಲ್ಲೂಕು ಕ್ರೀಡಾಕೂಟಕ್ಕೆ ಮುನ್ನ ಪೋಷಕರೊಬ್ಬರು ಔಟ್ ಒಂದಕ್ಕೆ ಹತ್ತು ರೂಪಾಯಿ ಘೋಷಿಸಿಬಿಟ್ಟರು. ನನ್ನ ಹುಡುಗರು ಖೋ ಕೊಡುವುದನ್ನೇ ಮರೆತು ಒಬ್ಬೊಬ್ಬರೇ ಕಂಬದಿಂದ ಕಂಬಕ್ಕೆ ಅಟ್ಟಿಸಿಕೊಂಡು ಹೋಗಿ, ಏದುಸಿರು ಬಿಟ್ಟು, ಮೊದಲ ಸುತ್ತಿನಲ್ಲೇ ಮನೆಗೆ ಬಂದೆವು. ಮರುದಿನದಿಂದ, ದಿನದ ಒಳ್ಳೆಯ ಖೋ ಯಾರದೆಂದು ಮಕ್ಕಳೇ ಹೇಳಬೇಕೆಂಬ ಪದ್ಧತಿ ಇಟ್ಟೆ. ಬಹುಮಾನವಿಲ್ಲ, ಚಪ್ಪಾಳೆ ಮಾತ್ರ.

ಇಲ್ಲಿ ರಾಹುಲ್ ದ್ರಾವಿಡ್ ಅವರ ಪ್ರಸಂಗ ನೆನಪಾಗುತ್ತದೆ. 2018ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ ಮಂಡಳಿಯು ತರಬೇತುದಾರರಾದ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತ್ತು. ದ್ರಾವಿಡ್ ಈ ತಾರತಮ್ಯವನ್ನು ಒಪ್ಪಲಿಲ್ಲ. ಕೊನೆಗೆ ಅವರೂ ಸೇರಿ ಎಲ್ಲರಿಗೂ 25 ಲಕ್ಷವಾಯಿತು. ಕಾಣದ ಕೈಗಳ ಲೆಕ್ಕವನ್ನು ಇಡುವುದೆಂದರೆ ಇದೇ.

ತಮ್ಮ ಮಗನ ವಿಷಯಕ್ಕೆ ಬರುವುದಾದರೆ, ಪಂದ್ಯ ಮುಗಿದ ಮೇಲೆ ಗೆದ್ದರೂ ಸೋತರೂ ಒಂದೇ ಹೋಟೆಲಿನಲ್ಲಿ ಒಂದೇ ಮಸಾಲೆ ದೋಸೆ ತಿನ್ನಿಸಿ. ಮನೆಗೆ ಬರುವ ದಾರಿಯಲ್ಲಿ ಸ್ಕೂಟರಿನ ಮೇಲೆ ಆಟದ ವಿಮರ್ಶೆ ಬೇಡ. ಅವನಾಗಿ ಬಾಯಿ ಬಿಟ್ಟರೆ ಕೇಳಿಸಿಕೊಳ್ಳಿ.

ಇಬ್ಬರು ಮಕ್ಕಳ ತಾಯಿ, ಹುಬ್ಬಳ್ಳಿ:

ನಾನು ಒಂದು ವಿಷಯದಲ್ಲಿ ಭಿನ್ನವಾಗಿ ಹೇಳಬೇಕು. ನನ್ನ ಚಿಕ್ಕ ಮಗಳಿಗೆ ರಾತ್ರಿ ಹಲ್ಲುಜ್ಜುವುದೆಂದರೆ ಆಗುತ್ತಿರಲಿಲ್ಲ. ಕನ್ನಡಿಯ ಪಕ್ಕ ದಿನಕ್ಕೊಂದು ಸ್ಟಿಕರ್ ಅಂಟಿಸುವ ಆಮಿಷದಿಂದಲೇ ಅದು ರೂಢಿಯಾಯಿತು, ತಿಂಗಳಾಗುವಷ್ಟರಲ್ಲಿ ಸ್ಟಿಕರನ್ನು ಅವಳೇ ಮರೆತಳು. ಇಷ್ಟವಿಲ್ಲದ ಕೆಲಸಕ್ಕೆ ಮೊದಲ ತಳ್ಳು ಬೇಕಾಗುತ್ತದೆ. ಇಷ್ಟಪಟ್ಟು ಆಡುವ ಆಟಕ್ಕೆ ಅದು ಬೇಡ. ನಮ್ಮ ಮನೆಯಲ್ಲಿ ಕೈಖರ್ಚಿನ ಹಣ ಬೇರೆ, ಮನೆಗೆಲಸ ಬೇರೆ. ವಾರಕ್ಕಿಷ್ಟು ಎಂದು ಹಣ ಕೊಡುತ್ತೇವೆ, ತಟ್ಟೆಯನ್ನು ಉಂಡವರು ತೊಳೆಯುತ್ತಾರೆ. ಒಂದಕ್ಕೊಂದು ಗಂಟು ಹಾಕಿಲ್ಲ.

ಶಿವಮೊಗ್ಗದ ತಂದೆ:

ಎಲ್ಲರಿಗೂ ಧನ್ಯವಾದಗಳು. ಭಾನುವಾರ ಅವನನ್ನು ಕೂರಿಸಿಕೊಂಡು, ಈ ಪದ್ಧತಿ ತಂದದ್ದು ನನ್ನ ತಪ್ಪು, ನಿನ್ನದಲ್ಲ ಎಂದು ಹೇಳಿದೆ. ವಾರಕ್ಕೆ ಐವತ್ತು ರೂಪಾಯಿ ಕೈಖರ್ಚು ಎಂದು ನಿಗದಿ ಮಾಡಿದ್ದೇವೆ. ಒಂದು ಗಂಟೆ ಮುನಿಸಿಕೊಂಡು ಕುಳಿತ. ಸಂಜೆ ದೊಡ್ಡ ಹುಡುಗನೊಬ್ಬನ ಜೊತೆ ಆಡಿ 21-9ರಲ್ಲಿ ಸೋತು ಬಂದವನು, ಆ ಒಂಬತ್ತರಲ್ಲಿ ಮೂರು ಅಂಕಗಳನ್ನು ಹೇಗೆ ಗಳಿಸಿದನೆಂಬುದನ್ನು ಅಜ್ಜಿಯ ಮುಂದೆ ಚಪಾತಿ ಲಟ್ಟಣಿಗೆ ಹಿಡಿದು ತೋರಿಸುತ್ತಿದ್ದ. ಈಗ ಉಳಿದಿರುವುದು ಇಷ್ಟು: ಕ್ಯಾಲೆಂಡರಿನ ಪ್ರಕಾರ ನಾನು ಅವನಿಗೆ ಇನ್ನೂ 245 ರೂಪಾಯಿ ಬಾಕಿ ಕೊಡಬೇಕಂತೆ. ಕೊಡಬೇಕೆ, ಬೇಡವೆ?

ನಿವೃತ್ತ ದೈಹಿಕ ಶಿಕ್ಷಕ, ತುಮಕೂರು:

ಇಂದೇ ಕೊಟ್ಟುಬಿಡಿ ಸ್ವಾಮಿ. ಹಳೆಯ ಕರಾರಿನ ಹಣ ಅದು, ಚಿಲ್ಲರೆ ಸಮೇತ ಎಣಿಸಿ ಕೊಡಿ, ಆಮೇಲೆ ಕ್ಯಾಲೆಂಡರಿನ ಆ ಹಾಳೆಯನ್ನು ಅವನ ಕೈಯಲ್ಲೇ ಹರಿಸಿ.